ಇನ್‌ಕ್ಯುಬೇಟರಿನಲ್ಲಿ ಓಮದ ವಾಸನೆ

ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ ಒಳಗೆ ಮೊದಲು ಕಣ್ಣು ಹಾಕಬೇಡಿ, ಮೂಗು ಹಾಕಿ. ಲ್ಯಾಬ್ ಕೋರ್ಸ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳಿಗೆ ನಾನು ಹೇಳುವುದು ಇದೊಂದನ್ನೇ. ಹೇಳಿದರೆ ನಗುತ್ತಾರೆ. ನಾನು ನಿವೃತ್ತಳಾಗುವ ಹೊತ್ತಿಗೆ ನಮ್ಮ ಲ್ಯಾಬಿನ ಹುಡುಗಿಯರು ನನಗೆ 'ಮೂಸೋ ಮೇಡಂ' ಅಂತ ಹೆಸರಿಟ್ಟಿದ್ದರು. ಬೆನ್ನ ಹಿಂದೆ ಇಟ್ಟ ಹೆಸರು, ಆದರೆ ನನ್ನ ಕಿವಿ ಆಗಿನ್ನೂ ಚೆನ್ನಾಗಿತ್ತು. ನಗಲಿ ಬಿಡಿ. ಯಾಕೆ ಮೂಸಬೇಕು ಅಂತ ಅವರು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಹೇಳಲು ಹೊರಟು ಬೇರೆ ಮಾತಿಗೆ ತಿರುಗಿಬಿಡುತ್ತಿದ್ದೆ. ಬರೆಯುವುದು ಸ್ವಲ್ಪ ಸುಲಭ.

ನನ್ನ ಹೆಸರು ಗಿರಿಜಾ. ಹುಟ್ಟಿದ್ದು, ಓದಿದ್ದು ದಾವಣಗೆರೆಯಲ್ಲಿ. ಮದುವೆಯಾಗಿ ಬೆಂಗಳೂರಿಗೆ ಬಂದೆ. ಯಜಮಾನರು ವಿಮಾನ ಕಾರ್ಖಾನೆಯಲ್ಲಿದ್ದರು, ಮನೆ ವಿಮಾನಪುರದ ಕ್ವಾರ್ಟರ್ಸ್. ನನಗೆ ಕೆಲಸ ಸಿಕ್ಕಿದ್ದು ಶಿವಾಜಿನಗರದ ಕಡೆ, ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯ ಲ್ಯಾಬಿನಲ್ಲಿ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಅದು ಮುಚ್ಚಿಹೋಗಿದೆ, ಆ ಜಾಗದಲ್ಲಿ ಈಗ ಬಟ್ಟೆ ಅಂಗಡಿ ಇದೆ. ಬಡ್ತಿ, ಇನ್‌ಕ್ರಿಮೆಂಟು, ಬೀಳ್ಕೊಡುಗೆಯ ಶಾಲು ಇವುಗಳ ಕಥೆ ಎಲ್ಲರ ಹತ್ತಿರವೂ ಇರುತ್ತದೆ, ನನ್ನದನ್ನು ಕೇಳಿ ನಿಮಗೇನೂ ಆಗಬೇಕಾಗಿಲ್ಲ.

ನಮ್ಮ ಕೆಲಸ ರೋಗಾಣುಗಳನ್ನು ಬೆಳೆಸಿ ನೋಡುವುದು. ಗಾಯಕ್ಕೆ ಹತ್ತಿ ಸುತ್ತಿದ ಕಡ್ಡಿ ಒತ್ತಿ ತರುತ್ತೇವೆ, ಅದಕ್ಕೆ ಸ್ವಾಬ್ ಎನ್ನುತ್ತೇವೆ. ಆ ಕಡ್ಡಿಯನ್ನು ಗಾಜಿನ ತಟ್ಟೆಯಲ್ಲಿ ರಕ್ತ ಬೆರೆಸಿ ಗಟ್ಟಿಯಾಗಲು ಬಿಟ್ಟ ಅಂಬಲಿಯ ಮೇಲೆ ಎಳೆದು, ಮೈಯಷ್ಟೇ ಬಿಸಿಯಿರುವ ಬೀರುವಿನಲ್ಲಿ ರಾತ್ರಿಯಿಡೀ ಬಿಡುತ್ತೇವೆ. ಆ ಬೀರುವೇ ಇನ್‌ಕ್ಯುಬೇಟರ್. ಗಾಯದಲ್ಲಿ ರೋಗಾಣು ಇದ್ದರೆ ಬೆಳಗಾಗುವಷ್ಟರಲ್ಲಿ ತಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಏಳುತ್ತದೆ. ಈಗ ತಟ್ಟೆಗಳು ಪ್ಯಾಕೆಟ್ಟಿನಲ್ಲಿ ತಯಾರಾಗಿಯೇ ಬರುತ್ತವೆ. ಆಗ ಎಲ್ಲ ನಾವೇ ಬೇಯಿಸಿ ಸುರಿಯಬೇಕು. ಕುರಿ ರಕ್ತ ಮಾರ್ಕೆಟ್ಟಿನ ಕಸಾಯಿಯವರಿಂದ ಬರುತ್ತಿತ್ತು, ಗಾಜಿನ ಮಣಿ ಹಾಕಿದ ಫ್ಲಾಸ್ಕಿನಲ್ಲಿ. ಹೆಪ್ಪುಗಟ್ಟದ ಹಾಗೆ ಅದನ್ನು ಕೈ ಬಿಡದೆ ಕುಲುಕುತ್ತಲೇ ಇರಬೇಕು. ಮನೆಯೊಳಗೆ ಮೊಟ್ಟೆ ಕೂಡ ತರದ ಲಿಂಗಾಯತರ ಹೆಣ್ಣುಮಗಳು ನಾನು, ಬೆಳಿಗ್ಗೆ ಬೆಳಿಗ್ಗೆ ಕುರಿ ರಕ್ತ ಕುಲುಕುತ್ತ ಕೂರುತ್ತಿದ್ದೆ. ನಮ್ಮ ಅತ್ತೆಗೆ ಗೊತ್ತಾಗಿದ್ದರೆ ನನ್ನನ್ನು ಬಚ್ಚಲಮನೆಯಲ್ಲೇ ಮಲಗಿಸುತ್ತಿದ್ದರು.

ನಮ್ಮ ಮುಖ್ಯಸ್ಥರು ಡಾಕ್ಟರ್ ಮೂರ್ತಿ. ಬೆನ್ಸನ್ ಟೌನಿನ ಹಳೆಯ ಮನೆಯಿಂದ ನಡೆದೇ ಬರುತ್ತಿದ್ದರು. ಬಿಳಿ ಷರ್ಟು, ಜೇಬಿನಲ್ಲಿ ಭೂತಗನ್ನಡಿ. ಕೋಪ ಬಂದರೆ ಕೂಗುತ್ತಿರಲಿಲ್ಲ, ನಮ್ಮನ್ನು 'ತಾವು' ಅನ್ನಲು ಶುರುಮಾಡುತ್ತಿದ್ದರು. ಅದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಅನಿಸುತ್ತಿತ್ತು. ನಾನು ಸೇರಿದ ಹೊಸದರಲ್ಲಿ ಒಂದು ತಟ್ಟೆಯಲ್ಲಿ ಏನೂ ಬೆಳೆದಿರಲಿಲ್ಲ. ರೋಗಿಗೆ ಜ್ವರವಿತ್ತು, ಗಾಯ ಕೀವಾಗಿತ್ತು. ಏನೋ ಇರಲೇಬೇಕು ಅಂದುಕೊಂಡು 'ಅಲ್ಪ ಬೆಳವಣಿಗೆ' ಅಂತ ಬರೆದುಬಿಟ್ಟೆ. ಮೂರ್ತಿ ಸರ್ ತಟ್ಟೆಯನ್ನು ಬೆಳಕಿಗೆ ಹಿಡಿದು ಕೇಳಿದರು.

"ಎಲ್ಲಿದೆ, ತೋರಿಸಿ."

"ಇರ್ಬೇಕು ಸರ್, ಕೀವು ಅಷ್ಟೊಂದಿತ್ತು."

"ತಾವು ಕಂಡಿದ್ದನ್ನ ಬರೀರಿ. ಇರ್ಬೇಕು ಅನ್ಸಿದ್ದನ್ನ ಮನೇಲಿಟ್ಟು ಬನ್ನಿ."

ಅವತ್ತಿನಿಂದ ನಿವೃತ್ತಿಯ ದಿನದವರೆಗೆ ನಾನು ಕಾಣದ್ದನ್ನು ಕಂಡೆ ಅಂತ ಬರೆದಿಲ್ಲ.

ಮೂರ್ತಿ ಸರ್‌ಗೆ ಒಂದು ಹುಚ್ಚಿತ್ತು. ಅಡುಗೆಮನೆಯ ಸಾಂಬಾರ ಪದಾರ್ಥಗಳಿಂದ ಎಣ್ಣೆ ತೆಗೆದು, ಅದು ರೋಗಾಣುಗಳನ್ನು ಎಷ್ಟು ಕೊಲ್ಲುತ್ತದೆ ಅಂತ ನೋಡುವುದು. ಲ್ಯಾಬಿನ ಹಿಂದಿನ ಕೋಣೆಯಲ್ಲಿ ಗಾಜಿನ ಬುರುಡೆ, ಗಾಜಿನ ಕೊಳವೆ ಜೋಡಿಸಿ ಲವಂಗ, ಚಕ್ಕೆ, ಓಮ, ಜೀರಿಗೆಗಳನ್ನು ನೀರಿನ ಆವಿಯಲ್ಲಿ ಬೇಯಿಸುತ್ತಿದ್ದರು. ಗಂಟೆಗಟ್ಟಲೆ ಕಾದರೆ ಕೊಳವೆಯ ತುದಿಯಲ್ಲಿ ಒಂದೆರಡು ಹನಿ ಎಣ್ಣೆ. ಆಸ್ಪತ್ರೆಯ ತುಂಬ ಮದುವೆಮನೆಯ ವಾಸನೆ. ಹೊರಗೆ ಬೆಂಚಿನ ಮೇಲೆ ಕಾಯುವವರು ಕಿಟಕಿಯಲ್ಲಿ ಇಣುಕಿ "ಕ್ಯಾಂಟೀನ್ ಇದೇನಾ ಸಿಸ್ಟರ್?" ಅಂತ ಕೇಳುತ್ತಿದ್ದರು. ಬಿಳಿ ಕೋಟು ಹಾಕಿದ ಹೆಂಗಸರೆಲ್ಲ ಅವರಿಗೆ ಸಿಸ್ಟರೇ.

ಪರೀಕ್ಷೆ ಸರಳ. ತಟ್ಟೆಯ ತುಂಬ ರೋಗಾಣು ಬಳಿದು, ನಡುವೆ ಎಣ್ಣೆ ಅದ್ದಿದ ಪುಟ್ಟ ಕಾಗದದ ಬಿಲ್ಲೆ ಇಡುವುದು. ಎಣ್ಣೆಗೆ ಕೊಲ್ಲುವ ಶಕ್ತಿ ಇದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ವರ್ತುಲ ಮೂಡುತ್ತದೆ. ಮೆಣಸು ದಂಡ. ಜೀರಿಗೆ ಪರವಾಗಿಲ್ಲ. ಲವಂಗ ಒಳ್ಳೆಯದು. ಚಕ್ಕೆ ಮತ್ತು ಓಮ ಮಾತ್ರ, ಅಬ್ಬಬ್ಬಾ, ತಟ್ಟೆಯ ಅರ್ಧವನ್ನೇ ಬೋಳು ಮಾಡಿಬಿಡುತ್ತಿದ್ದವು. ಮೂರ್ತಿ ಸರ್‌ಗೆ ಇದ್ದ ಆಸೆ ಒಂದೇ, ಸುಟ್ಟ ಗಾಯಕ್ಕೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಬಡವರ ಕೈಗೆಟುಕುವ ಒಂದು ಮುಲಾಮು.

ಒಮ್ಮೆ ಜಾಯಿಕಾಯಿ ಎಣ್ಣೆಗೆ ದೊಡ್ಡ ವರ್ತುಲ ಬಂತು. ಸರ್ ಖುಷಿಯಿಂದ ನಮಗೆಲ್ಲ ಬೇಕರಿಯಿಂದ ಪಫ್ಸ್ ತರಿಸಿದರು. ತಿಂದಾದ ಮೇಲೆ ನೋಡಿದರೆ, ಎಣ್ಣೆ ಕರಗಿಸಲು ಬಳಸಿದ ಸ್ಪಿರಿಟ್ ಒಂದನ್ನೇ ಅದ್ದಿ ಪಕ್ಕದಲ್ಲಿಟ್ಟಿದ್ದ ಬಿಲ್ಲೆಯ ಸುತ್ತಲೂ ಅಷ್ಟೇ ದೊಡ್ಡ ವರ್ತುಲ! ಕೊಂದದ್ದು ಸ್ಪಿರಿಟ್, ಜಾಯಿಕಾಯಿ ಅಲ್ಲ. ಸರ್ "ಪಫ್ಸ್ ವಾಪಸ್ ತಗೋತಾನಾ ಅವ್ನು?" ಅಂದು ತಟ್ಟೆಗಳನ್ನು ತೊಟ್ಟಿಗೆ ಹಾಕಿದರು. ತಾವೇ ಕಟ್ಟಿದ ಆಸೆಯನ್ನು ಹಾಗೆ ಎತ್ತಿ ಎಸೆಯಬಲ್ಲ ಮನುಷ್ಯ. ಅದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಕೆಲಸಕ್ಕೆ ಅವರ ಬಲಗೈಯಾಗಿ ಬಂದವಳು ಶಾಹೀನ್. ಶಿವಾಜಿನಗರದ ಹುಡುಗಿ, ಅಪ್ಪನದು ಮಾರ್ಕೆಟ್ಟಿನ ಹತ್ತಿರ ಮಸಾಲೆ ಅಂಗಡಿ. ಲ್ಯಾಬ್ ಕೋರ್ಸ್ ಮುಗಿಸಿ ನೇರವಾಗಿ ನಮ್ಮಲ್ಲಿ ಸೇರಿದ್ದಳು. ಕನ್ನಡ ಪಟಪಟ ಮಾತಾಡುತ್ತಿದ್ದಳು, ಓದಲು ಮಾತ್ರ ಬರುತ್ತಿರಲಿಲ್ಲ. ನೋಟೀಸ್ ಬೋರ್ಡ್ ಮುಂದೆ ನಿಂತು "ಮೇಡಂ, ಇದ್ರಲ್ಲಿ ಏನ್ ಬರ್ದಿದಾರೆ ಹೇಳಿ, ರಜಾನಾ?" ಅಂತ ನನ್ನ ಸೆರಗು ಎಳೆಯುತ್ತಿದ್ದಳು. ಮೂಗಿಗೆ ಹಿಡಿದರೆ ಸಾಕು, ಚಕ್ಕೆ ಹಳೆಯದೋ ಹೊಸದೋ ಹೇಳುತ್ತಿದ್ದಳು, ಅಂಗಡಿಯಲ್ಲಿ ಬೆಳೆದವಳಲ್ಲವೇ. ಬಾಯಿ ಹೆಚ್ಚು, ಕೆಲಸವೂ ಅಷ್ಟೇ ಅಚ್ಚುಕಟ್ಟು. ನನಗೆ ಹೆಣ್ಣುಮಕ್ಕಳಿಲ್ಲ. ಅವಳ ಮೇಲೆ ನನಗಿದ್ದ ಪ್ರೀತಿಯನ್ನು ಯಾಕೆ ಮುಚ್ಚಿಡಲಿ? ಮಧ್ಯಾಹ್ನ ನನ್ನ ರೊಟ್ಟಿ ಎಣ್ಣೆಗಾಯಿಯಲ್ಲಿ ಅವಳಿಗೆ ಯಾವಾಗಲೂ ಪಾಲಿತ್ತು.

ತೊಂಬತ್ತರ ದಶಕದ ನಡುವಿನ ವರ್ಷ. ಗಂಡಸರ ವಾರ್ಡಿಗೆ ಮರಿಯದಾಸ್ ಬಂದ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು, ಮನೆ ಹಲಸೂರು. ಟೀ ಕಾಯಿಸಲು ಸೀಮೆಎಣ್ಣೆ ಸ್ಟವ್ ಪಂಪ್ ಮಾಡುವಾಗ ಸಿಡಿದು, ಲುಂಗಿಗೆ ಬೆಂಕಿ ಹತ್ತಿತ್ತು. ಎರಡೂ ತೊಡೆ ಸುಟ್ಟಿದ್ದವು, ಅದನ್ನು ಆರಿಸಲು ಹೋಗಿ ಬಲಗೈಯ ಹಿಂಬದಿ ಬೆರಳುಗಳ ಸಮೇತ ಸುಟ್ಟಿತ್ತು. ಜೀವಕ್ಕೆ ಅಪಾಯ ದಾಟಿತ್ತು. ಉಳಿದಿದ್ದ ಪ್ರಶ್ನೆ ಕೈಯದು.

ಸರ್ಜನ್ ಡಾಕ್ಟರ್ ಪೊನ್ನಪ್ಪ, ಕೊಡಗಿನವರು, ಮೂಗಿನ ತುದಿಯಲ್ಲೇ ಸಿಟ್ಟು. ಅವರು ನಮ್ಮ ಲ್ಯಾಬಿಗೆ ಬಂದು ಬಿಡಿಸಿ ಹೇಳಿದರು. "ಕೈ ಮೇಲೆ ಬೇರೆ ಕಡೆಯಿಂದ ಚರ್ಮ ತೆಗೆದು ಹೊಲೀಬೇಕು. ಸಾಮಾನ್ಯವಾಗಿ ತೆಗೆಯೋದು ತೊಡೆಯಿಂದ. ಇವ್ನ್ ತೊಡೇನೇ ಸುಟ್ಟೋಗಿದೆ. ತೋಳಿನ ಮೇಲ್ಭಾಗದಲ್ಲಿ ಕೈಗೆ ಸಾಕಾಗೋಷ್ಟು ಒಳ್ಳೆ ಚರ್ಮ ಇದೆ, ಒಂದೇ ಸಲಕ್ಕೆ. ಅದು ಹಿಡಿದ್ರೆ ಕ್ಲಾರಿನೆಟ್ ಊದ್ತಾನೆ. ಹಿಡೀಲಿಲ್ಲ ಅಂದ್ರೆ ಇನ್ನೊಂದ್ ಕಡೆ ಚರ್ಮ ಸಿಗೋ ಹೊತ್ಗೆ ಬೆರಳು ಸೆಟೆದು ಕೂತಿರುತ್ತೆ. ಸ್ಟ್ರೆಪ್ಟೋಕಾಕಸ್‌ನಂಥ ಜರ್ಮ್ ಒಂದು ಇದ್ರೂ ಚರ್ಮ ಕರಗಿಸಿಬಿಡುತ್ತೆ. ಕ್ಲೀನ್ ಅಂತ ನೀವ್ ಬರ್ದು ಕೊಡೋವರ್ಗೂ ನಾನು ಕತ್ತಿ ಮುಟ್ಟಲ್ಲ."

ಸ್ವಾಬ್ ತೆಗೆಯಲು ನಾನೋ ಶಾಹೀನೋ ವಾರ್ಡಿಗೆ ಹೋಗುತ್ತಿದ್ದೆವು. ಬಲಗೈ ಬ್ಯಾಂಡೇಜಿನಲ್ಲಿ ಬಿದ್ದಿರುತ್ತಿತ್ತು, ಎಡಗೈ ಬೆರಳುಗಳು ಮಂಚದ ಕಂಬಿಯ ಮೇಲೆ ಏನೋ ಹಾಡು ನುಡಿಸುತ್ತಿದ್ದವು. ನಮ್ಮನ್ನು ಕಂಡರೆ ಅವನದು ಒಂದೇ ಪ್ರಶ್ನೆ.

"ಪೂಚಿ ಸತ್ತೋಯ್ತಾ ಮೇಡಂ?"

ಪೂಚಿ ಅಂದರೆ ತಮಿಳಿನಲ್ಲಿ ಹುಳ. ರೋಗಾಣುವನ್ನು ಅವನು ಕರೆಯುತ್ತಿದ್ದುದು ಹಾಗೆ. "ಇನ್ನೂ ಇಲ್ಲಪ್ಪ" ಅಂದರೆ, "ಅದ್ಕೂ ನನ್ ಕೈ ಇಷ್ಟ ಆಗೋಗಿದೆ" ಅನ್ನುತ್ತಿದ್ದ. ಹೆಂಡತಿ ಸ್ಟೆಲ್ಲಾ ಕ್ಲಾರಿನೆಟ್ಟನ್ನು ಟವೆಲಿನಲ್ಲಿ ಸುತ್ತಿ ಮಂಚದ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದಳು. ನೋಡುತ್ತಿದ್ದರೆ ಬೇಗ ವಾಸಿಯಾಗುತ್ತಾನೆ ಅಂತ ಅವಳ ನಂಬಿಕೆ. ಶಾಹೀನ್ ಅವನಿಗೆ "ನನ್ ಶಾದಿಗೆ ನೀವೇ ಊದ್ಬೇಕು, ಈಗ್ಲೇ ಬುಕ್ ಮಾಡಿದೀನಿ" ಅಂತ ಹೇಳಿದ್ದಳು. ಎರಡು ಸಲ ಸ್ವಾಬ್‌ನಲ್ಲಿ ರೋಗಾಣು ಬೆಳೆಯಿತು, ಔಷಧಿ ಬದಲಾಯಿಸಿದರು, ಕಾದರು.

ಆ ಹೊತ್ತಿಗೆ ದಾವಣಗೆರೆಯಲ್ಲಿ ನನ್ನ ತಂಗಿಯ ಮಗನ ಮದುವೆ ಬಂತು. ರಜೆ ಹಾಕಿ ಹೋದೆ. ನಾನಿಲ್ಲದ ದಿನಗಳಲ್ಲಿ ಆದದ್ದನ್ನು ಆಮೇಲೆ ತಿಳಿದ ಹಾಗೆ ಹೇಳುತ್ತೇನೆ.

ಎಣ್ಣೆ ಪರೀಕ್ಷೆಗೆಂದು ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಇನ್‌ಕ್ಯುಬೇಟರ್ ಪ್ರತ್ಯೇಕವಾಗಿ ಇತ್ತು. ಆ ದಿನಗಳಲ್ಲಿ ಕರೆಂಟು ಹೋಗುವುದು, ಬಂದಾಗ ಧಡಕ್ಕನೆ ಏರುವುದು ಮಾಮೂಲು. ಹಾಗೆ ಏರಿ ಆ ಇನ್‌ಕ್ಯುಬೇಟರ್ ಸುಟ್ಟುಹೋಯಿತು. ಶಾಹೀನ್ ಓಮ ಮತ್ತು ಚಕ್ಕೆ ಎಣ್ಣೆಯ ತಟ್ಟೆಗಳನ್ನು ಆಗತಾನೆ ತಯಾರಿಸಿದ್ದಳು. ತಿಂಗಳುಗಟ್ಟಲೆ ಕಷ್ಟಪಟ್ಟು ಇಳಿಸಿದ ಎಣ್ಣೆ. ದಂಡವಾಗುತ್ತದಲ್ಲ ಅಂತ ಮೂರ್ತಿ ಸರ್‌ನ ಕೇಳಿದಳು. "ರೋಗಿಗಳ ಇನ್‌ಕ್ಯುಬೇಟರಿನ ಕೆಳಗಿನ ಗೂಡಲ್ಲಿಡು, ಒಂದ್ ರಾತ್ರಿ ತಾನೆ" ಅಂದರು. ಇಟ್ಟಳು. ಮೇಲಿನ ಗೂಡಿನಲ್ಲಿ ಅವತ್ತಿನ ರೋಗಿಗಳ ತಟ್ಟೆಗಳಿದ್ದವು, ಮರಿಯದಾಸ್‌ನದೂ ಇತ್ತು.

ಇಲ್ಲಿ ಒಂದು ವಿಷಯ ತಿಳಿಯಬೇಕು. ಈ ಎಣ್ಣೆಗಳು ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆಯ ಹಾಗೆ ಇಟ್ಟಲ್ಲಿ ಇರುವುದಿಲ್ಲ. ಬಿಸಿ ತಾಗಿದರೆ ಆವಿಯಾಗಿ ಏಳುತ್ತವೆ. ಗಾಜಿನ ತಟ್ಟೆಯ ಮುಚ್ಚಳ ಗಾಳಿಯನ್ನು ತಡೆಯುವುದಿಲ್ಲ, ಆಗ ಅದಕ್ಕೆ ಟೇಪು ಸುತ್ತುವ ಪದ್ಧತಿ ನಮ್ಮಲ್ಲಿರಲಿಲ್ಲ. ಮುಚ್ಚಿದ ಆ ಬೆಚ್ಚನೆ ಬೀರುವಿನಲ್ಲಿ ರಾತ್ರಿಯಿಡೀ ಓಮದ ಆವಿ, ಚಕ್ಕೆಯ ಆವಿ ತುಂಬಿಕೊಂಡಿತು. ಎಲ್ಲರ ತಟ್ಟೆಗೂ ನುಗ್ಗಿತು. ಗಾಯದಲ್ಲಿ ರೋಗಾಣು ಜೀವಂತವಾಗಿತ್ತು, ತಟ್ಟೆಯಲ್ಲಿ ಮಾತ್ರ ಏಳಲಾರದೆ ಮಲಗಿತ್ತು.

ಬೆಳಿಗ್ಗೆ ಮರಿಯದಾಸ್‌ನ ತಟ್ಟೆ ಕೆಂಪಗೆ, ನುಣ್ಣಗೆ, ಒಂದು ಚುಕ್ಕೆಯೂ ಇಲ್ಲದೆ ಇತ್ತು. ಶಾಹೀನ್ ಕುಣಿದಳು. ಕಂಡದ್ದನ್ನೇ ಇಂಗ್ಲಿಷಿನಲ್ಲಿ ಬರೆದಳು, 'ಬೆಳವಣಿಗೆ ಇಲ್ಲ' ಅಂತ. ಮೂರ್ತಿ ಸರ್ ಸಹಿ ಹಾಕಿದರು. ರಿಪೋರ್ಟನ್ನು ಹಿಡಿದು ಅವಳೇ ವಾರ್ಡಿಗೆ ಓಡಿಹೋಗಿ "ಪೂಚಿ ಸತ್ತೋಯ್ತು!" ಅಂತ ಕೂಗಿದಳಂತೆ. ಸ್ಟೆಲ್ಲಾ ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳಂತೆ.

ಮಾರನೆಯ ಬೆಳಿಗ್ಗೆ ನಾನು ಮದುವೆ ಮುಗಿಸಿ ಡ್ಯೂಟಿಗೆ ಬಂದೆ. ಶಾಹೀನ್‌ಗೆಂದು ಲಾಡು ತಂದಿದ್ದೆ. ಚೀಲ ಇಟ್ಟು, ಕೋಟು ಹಾಕಿ, ರೋಗಿಗಳ ಇನ್‌ಕ್ಯುಬೇಟರ್ ಬಾಗಿಲು ತೆಗೆದೆ. ಗಪ್ ಅಂತ ಓಮದ ವಾಸನೆ ಮುಖಕ್ಕೆ ಬಡಿಯಿತು. ಹೊಟ್ಟೆ ಕೆಟ್ಟಾಗ ನಮ್ಮವ್ವ ಕುಡಿಸುತ್ತಿದ್ದ ಓಮದ ನೀರಿನ ವಾಸನೆ, ಅದೇ.

"ಶಾಹೀನ್! ಇದ್ರಲ್ಲಿ ಎಣ್ಣೆ ತಟ್ಟೆ ಯಾರೇ ಇಟ್ಟಿದ್ದು?"

"ನಾನೇ ಮೇಡಂ. ಆ ಇನ್‌ಕ್ಯುಬೇಟರ್ ಮೊನ್ನೆ ಸುಟ್ಟೋಯ್ತು, ಇಲ್ಲಿಡು ಅಂತ ಸರ್ ಹೇಳಿದ್ರು. ನಿನ್ನೆ ತೆಗೆಯಕ್ಕೆ ಪುರುಸೊತ್ತಾಗ್ಲಿಲ್ಲ. ಯಾಕೆ ಮೇಡಂ?"

ನಾನು ಅವಳ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಹೋಲಿಕೆಗೆಂದು ಎಣ್ಣೆಯನ್ನೇ ಹಾಕದೆ ಬರೀ ರೋಗಾಣು ಬಳಿದಿಟ್ಟ ತಟ್ಟೆ ಒಂದಿರುತ್ತದೆ. ಅದು ತುಂಬಿಕೊಂಡು ಬೆಳೆದಿರಬೇಕು. ಅದೂ ಬೋಳಾಗಿತ್ತು.

"ಇದ್ಯಾಕೆ ಹೀಗಿದೆ?"

"ಅದಕ್ಕೆ ಜರ್ಮ್ಸ್ ಹಾಕೋದ್ ಮರ್ತೆ ಅನ್ಸುತ್ತೆ ಮೇಡಂ. ಇವತ್ ಇನ್ನೊಂದ್ಸಲ..." ಅನ್ನುತ್ತಿದ್ದವಳು ನನ್ನ ಮುಖ ನೋಡಿ ಅಲ್ಲಿಗೇ ನಿಂತಳು. ಅವಳ ಕಣ್ಣು ಮೇಲಿನ ಗೂಡಿನ ಕಡೆ ತಿರುಗಿತು. ಬುದ್ಧಿವಂತೆ, ಬಿಡಿಸಿ ಹೇಳಬೇಕಾಗಲಿಲ್ಲ. "ಅಲ್ಲಾ! ಮೇಡಂ, ಮರಿಯದಾಸ್‌ನ ಈಗ್ಲೇ ಥಿಯೇಟರಿಗೆ ಕರ್ಕೊಂಡ್ ಹೋದ್ರು."

ನಾನು ಮೆಟ್ಟಿಲು ಹತ್ತಿ ಓಡಿದೆ. ಚಪ್ಪಲಿ ಒಂದು ಕಳಚಿಹೋಯಿತು, ನೋಡಲಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಲೀಲಾ ಸಿಸ್ಟರ್ ಅಡ್ಡ ನಿಂತರು. "ಒಳಗ್ ಹೋಗೋ ಹಾಗಿಲ್ಲ, ಗಿರಿಜಾ. ಏನಾಯ್ತು?" "ರಿಪೋರ್ಟ್ ತಪ್ಪು, ಚರ್ಮ ಹಾಕ್ಬೇಡಿ ಅಂತ ಹೇಳಿ, ಬೇಗ!" ಅವರು ಒಳಗೆ ಹೋದರು. ನಾನು ಬಾಗಿಲ ಹೊರಗೇ ನಿಂತೆ. ಕೊನೆಗೆ ಪೊನ್ನಪ್ಪ ಸರ್ ತಾವೇ ಹೊರಗೆ ಬಂದರು, ಬಾಯಿಯ ಮುಸುಕು ಕೆಳಗೆ ಎಳೆದುಕೊಂಡು.

"ಚರ್ಮ ಹೊಲಿದಾಯ್ತು ಕಣ್ರೀ." ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಏನಿದೆ ಗಾಯದಲ್ಲಿ?"

"ಗೊತ್ತಿಲ್ಲ ಸರ್. ತಟ್ಟೆ ನಂಬೋ ಹಾಗಿಲ್ಲ. ನಾಳೆ ಹೇಳ್ತೀನಿ."

"ನಾಳೆವರೆಗೆ ಕಾಯಲ್ಲ. ಪೆನಿಸಿಲಿನ್ ಈಗ್ಲೇ ಶುರು ಮಾಡ್ತೀನಿ. ದೇವ್ರಿದಾನೆ, ನೋಡೋಣ."

ರಿಪೋರ್ಟು ಹೋದ ಮೇಲೂ ಸ್ವಾಬ್ ಕಡ್ಡಿಗಳನ್ನು ಸ್ವಲ್ಪ ದಿನ ಫ್ರಿಜ್ಜಿನಲ್ಲಿ ಇಡುವ ರೂಢಿ ನಮ್ಮಲ್ಲಿತ್ತು. ಮರಿಯದಾಸ್‌ನ ಕಡ್ಡಿಯನ್ನು ತೆಗೆದು ಹೊಸ ತಟ್ಟೆಯ ಮೇಲೆ ಎಳೆದೆ. ಶಾಹೀನ್ ಇನ್‌ಕ್ಯುಬೇಟರ್ ಒಳಗನ್ನು ಸೋಪು ಹಾಕಿ ಉಜ್ಜಿದಳು, ಒರೆಸಿದಳು, ಮತ್ತೆ ಉಜ್ಜಿದಳು. "ಸಾಕು ಬಿಡೇ" ಅಂದರೂ ಬಿಡಲಿಲ್ಲ. ಲಾಡಿನ ಪೊಟ್ಟಣ ಹಾಗೇ ಇತ್ತು.

ಮರುದಿನ ತಟ್ಟೆಯಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ಚುಕ್ಕೆಗಳು. ಪ್ರತಿ ಚುಕ್ಕೆಯ ಸುತ್ತ ರಕ್ತ ಕರಗಿ ತಿಳಿ ವರ್ತುಲ. ಸ್ಟ್ರೆಪ್ಟೋಕಾಕಸ್‌ನ ಗುರುತೇ ಅದು. ಎಣ್ಣೆಯ ಬಿಲ್ಲೆಯ ಸುತ್ತಲೂ ನಾವು ಇಷ್ಟು ವರ್ಷ ಖುಷಿಯಿಂದ ಅಳೆಯುತ್ತಿದ್ದದ್ದು ತಿಳಿ ವರ್ತುಲವನ್ನೇ. ಪೆನಿಸಿಲಿನ್‌ಗೆ ಎದುರೇ ನಿಲ್ಲದ ಜಾತಿ ಇದು. ಮೊದಲೇ ಗೊತ್ತಾಗಿದ್ದರೆ ಸ್ವಲ್ಪ ದಿನ ಇಂಜೆಕ್ಷನ್ ಕೊಟ್ಟು, ಇನ್ನೊಮ್ಮೆ ಸ್ವಾಬ್ ನೋಡಿ, ನಿಶ್ಚಿಂತೆಯಾಗಿ ಚರ್ಮ ಹಾಕಬಹುದಿತ್ತು. ಅಷ್ಟೇ ಬೇಕಾಗಿದ್ದದ್ದು.

ಬ್ಯಾಂಡೇಜ್ ಬಿಚ್ಚುವ ದಿನ ಪೊನ್ನಪ್ಪ ಸರ್ ನನ್ನನ್ನು ವಾರ್ಡಿಗೆ ಕರೆಸಿದರು. ಶಾಹೀನ್ ನನ್ನ ಹಿಂದೆಯೇ ಬಂದಳು. ಕೊನೆಯ ಸುತ್ತು ಬಿಚ್ಚಿದಾಗ ಹೊಸ ಚರ್ಮ ಬಟ್ಟೆಗೆ ಅಂಟಿಕೊಂಡು ಬಟ್ಟೆಯ ಜೊತೆಗೇ ಮೇಲೆ ಬಂತು. ಹಾಲಿನ ಕೆನೆ ಎದ್ದುಬಂದ ಹಾಗೆ. ಮರಿಯದಾಸ್ ಕೈ ನೋಡಲಿಲ್ಲ, ಡಾಕ್ಟರ ಮುಖ ನೋಡುತ್ತಿದ್ದ.

"ಹಿಡೀತಾ ಸಾರ್?"

ಪೊನ್ನಪ್ಪ ಸರ್ ಅವನ ಭುಜದ ಮೇಲೆ ಕೈ ಇಟ್ಟರು. ಸ್ಟೆಲ್ಲಾ ಕಪಾಟಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.

ಆಡಳಿತದವರು ವಿವರಣೆ ಕೇಳಿದರು. ಮೂರ್ತಿ ಸರ್ ಬರೆದುಕೊಟ್ಟದ್ದನ್ನು ಟೈಪ್ ಮಾಡಿಸಲು ನನ್ನ ಕೈಗೇ ಕೊಟ್ಟರು. 'ವಿದ್ಯುತ್ ಏರುಪೇರಿನಿಂದ ಇನ್‌ಕ್ಯುಬೇಟರಿನ ಉಷ್ಣಾಂಶದಲ್ಲಿ ದೋಷ' ಅಂತ ಇತ್ತು. ಎಣ್ಣೆಯ ಮಾತೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

"ಸರ್, ಕಂಡಿದ್ದನ್ನ ಬರೀರಿ ಅಂತ ನಂಗೆ ಹೇಳಿಕೊಟ್ಟೋರು ನೀವು."

ಅವರು ಭೂತಗನ್ನಡಿಯನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತಿದ್ದರು. "ಕಂಡಿದ್ದನ್ನ ಬರೆದ್ರೆ, ತಟ್ಟೆ ಇಟ್ಟೋರು ಯಾರು ಅಂತ ಕೇಳ್ತಾರೆ ಗಿರಿಜಾ. ಆ ಹುಡುಗಿ ಹೆಸರು ಬರೀಬೇಕಾಗತ್ತೆ. ಬರೀಲಾ?"

"ಇಡು ಅಂದೋರು ನೀವು ಅಂತ ಬರೀರಿ."

"ಅದನ್ನೂ ಬರೀಬಹುದು," ಅಂದರು. ಬರೆಯಲಿಲ್ಲ. ನಾನು ಆ ಕಾಗದವನ್ನು ಅವರ ಮೇಜಿನ ಮೇಲೇ ಬಿಟ್ಟು ಎದ್ದುಬಂದೆ. ಸುಳ್ಳು ಅವಳನ್ನು ಕಾಯಲಿಕ್ಕೋ, ತಮ್ಮನ್ನು ಕಾದುಕೊಳ್ಳಲಿಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ. ಅವತ್ತು ಸಂಜೆ ಎಣ್ಣೆಯ ಸೀಸೆಗಳನ್ನೆಲ್ಲ ತಾವೇ ಸಿಂಕಿಗೆ ಸುರಿದರು. ಲ್ಯಾಬಿನ ಮೋರಿ ಎಷ್ಟೋ ದಿನ ಲವಂಗ ಲವಂಗ ಅನ್ನುತ್ತಿತ್ತು. ಆಮೇಲೆ ಅವರು ಆ ಮಾತನ್ನೇ ಎತ್ತಲಿಲ್ಲ. ನಿವೃತ್ತರಾದ ಮೇಲೆ ಒಮ್ಮೆ ಮನೆಗೆ ಹೋಗಿದ್ದೆ, ಗುಲಾಬಿ ಗಿಡಗಳನ್ನು ತೋರಿಸಿ ಕಳಿಸಿದರು. ಈಗ ಇಲ್ಲ.

ಕಾಗದದಲ್ಲಿ ಶಾಹೀನ್ ಹೆಸರು ಬರಲಿಲ್ಲ, ಆದರೆ ಅವಳು ಸುಮ್ಮನಿರಲಿಲ್ಲ. ಒಬ್ಬಳೇ ವಾರ್ಡಿಗೆ ಹೋದಳು. ನನಗೆ ಗೊತ್ತಾಗಿ ಹಿಂದೆ ಹೋಗುವಷ್ಟರಲ್ಲಿ ಮಂಚದ ಪಕ್ಕ ನಿಂತು ಎಲ್ಲ ಹೇಳಿ ಮುಗಿಸಿದ್ದಳು. ತಟ್ಟೆ ಇಟ್ಟದ್ದು ತಾನು, ಪೂಚಿ ಸತ್ತೋಯ್ತು ಅಂದದ್ದೂ ತಾನು ಅಂತ. ಮರಿಯದಾಸ್ ಅಷ್ಟು ಹೊತ್ತೂ ಬೈಯಲಿಲ್ಲ, ಅಳಲಿಲ್ಲ. ಕೊನೆಗೆ ಒಂದು ಕೇಳಿದ.

"ಇನ್ನೊಂದ್ಸಲ ಚರ್ಮ ಹಾಕಿದ್ರೆ ಬೆರಳು ಮಡಚಕ್ಕಾಗುತ್ತಾ ಮೇಡಂ?"

ಅವಳು ನನ್ನ ಕಡೆ ತಿರುಗಿ ನೋಡಿದಳು. ಅವನು ಗೋಡೆಯ ಕಡೆ ಮಗ್ಗುಲಾದ.

ಎರಡನೆಯ ಸಲ ಚರ್ಮ ಹಾಕಿದರು, ತುಂಬ ತಡವಾಗಿ. ಚರ್ಮ ಹಿಡಿಯಿತು. ಬೆರಳುಗಳು ಅಷ್ಟರಲ್ಲಿ ಕೊಕ್ಕೆಯ ಹಾಗೆ ಬಾಗಿ ಗಟ್ಟಿಯಾಗಿದ್ದವು. ಅವನು ಡಿಸ್ಚಾರ್ಜ್ ಆದ ವಾರವೇ ಶಾಹೀನ್ ಕೆಲಸ ಬಿಟ್ಟಳು. ನಾನು ಅವರ ಅಂಗಡಿಗೆ ಹೋಗಿ ಅವಳ ಅಪ್ಪನ ಮುಂದೆಯೇ ಗದರಿದೆ. "ಏನೇ, ತಪ್ಪು ಯಾರ್ ಮಾಡಲ್ಲ? ನಿನ್ನಂಥಾ ಕೈ ಈ ಕೆಲಸಕ್ಕೆ ಇನ್ನೊಂದ್ ಸಿಗಲ್ಲ. ಬಾ ಸುಮ್ನೆ." ಅವಳು ತಲೆ ಎತ್ತಲಿಲ್ಲ. "ಮೇಡಂ, ಯಾವ್ ತಟ್ಟೆ ನೋಡಿದ್ರೂ ನಂಬಿಕೆ ಬರ್ತಿಲ್ಲ. ನಾನ್ ಬರೆದ ರಿಪೋರ್ಟ್ ಇನ್ನೊಬ್ರು ನಂಬ್ತಾರೆ ಅಂದ್ರೆ ಪೆನ್ನೇ ಎತ್ತಕ್ಕಾಗಲ್ಲ." ಬಸ್ಸಿನಲ್ಲಿ ವಿಮಾನಪುರದವರೆಗೂ ಅತ್ತೆ. ಕಂಡಕ್ಟರ್ ಟಿಕೆಟ್ ಕೇಳದೆ ಮುಂದೆ ಹೋದ.

ಮುಂದಿನ ವರ್ಷ ಅವಳ ಮದುವೆಯಾಯಿತು. ಮದುವೆಗೆ ಬ್ಯಾಂಡ್ ಬೇಡ ಅಂದಳಂತೆ. ಮನೆಯವರು ಎಷ್ಟು ಹೇಳಿದರೂ ಒಪ್ಪಲಿಲ್ಲ.

ಲ್ಯಾಬು ಬದಲಾಯಿತು. ತಟ್ಟೆಗಳಿಗೆ ಟೇಪು ಸುತ್ತುವುದು ಶುರುವಾಯಿತು. ರೋಗಿಗಳ ಇನ್‌ಕ್ಯುಬೇಟರಿನಲ್ಲಿ ಬೇರೆ ಏನೂ ಇಡಬಾರದು ಅಂತ ಬಾಗಿಲಿಗೆ ನಾನೇ ಬರೆದು ಅಂಟಿಸಿದೆ. ದಿನವೂ ಒಂದು ತಟ್ಟೆಗೆ ಗೊತ್ತಿರುವ ರೋಗಾಣು ಹಾಕಿ ಒಳಗಿಟ್ಟು, ಅದು ಬೆಳೆದಿದ್ದರೆ ಮಾತ್ರ ಉಳಿದ ತಟ್ಟೆಗಳನ್ನು ಓದುವ ಪದ್ಧತಿ ತಂದೆವು. ಎರಡು ಸಾವಿರದ ನಂತರ ದೊಡ್ಡ ಮಿಷನ್ ಬಂತು, ಬಾಟಲಿ ಇಟ್ಟರೆ ಅದೇ ಕಂಪ್ಯೂಟರಿನಲ್ಲಿ ಕೂಗಿ ಹೇಳುತ್ತದೆ. ದೊಮ್ಮಲೂರಿನಲ್ಲಿ ಫ್ಲೈಓವರ್ ಎದ್ದಿತು, ನನ್ನ ಬಸ್ಸಿನ ದಾರಿ ಬದಲಾಯಿತು. ಮೂಸುವುದು ಮಾತ್ರ ಬಿಡಲಿಲ್ಲ.

ಈಗಿನ ಹುಡುಗರು ಫೋನಿನಲ್ಲಿ ಓದಿಕೊಂಡು ಬಂದು ಕೇಳುತ್ತಾರೆ, ಲವಂಗದೆಣ್ಣೆ, ಓಮದೆಣ್ಣೆ ನಿಜವಾಗಿ ಬ್ಯಾಕ್ಟೀರಿಯಾ ಕೊಲ್ಲುತ್ತಾ ಮೇಡಂ ಅಂತ. ಕೊಲ್ಲುತ್ತದಪ್ಪ, ತಟ್ಟೆಯಲ್ಲಿ ಚೆನ್ನಾಗಿಯೇ ಕೊಲ್ಲುತ್ತದೆ. ಮನುಷ್ಯನ ಗಾಯದಲ್ಲಿ ರಕ್ತ ಇದೆ, ಕೀವಿದೆ, ಅಲ್ಲಿ ಅದರ ಆಟ ಅಷ್ಟು ನಡೆಯುವುದಿಲ್ಲ, ಹೆಚ್ಚು ಹಾಕಿದರೆ ಚರ್ಮವನ್ನೇ ಸುಡುತ್ತದೆ. ಎಣ್ಣೆ ಸುಳ್ಳಲ್ಲ. ನಮಗೆ ಮೋಸವಾದದ್ದು ಅದರ ಶಕ್ತಿ ನಿಜವಾಗಿದ್ದರಿಂದ.

ನಿವೃತ್ತಿಯ ನಂತರ, ಈಚೆಗೆ, ಹಲಸೂರಿನ ಒಂದು ಛತ್ರದಲ್ಲಿ ಯಜಮಾನರ ಸ್ನೇಹಿತರ ಮಗಳ ಮದುವೆ ಇತ್ತು. ಸಂಜೆ ಗಂಡಿನ ಮೆರವಣಿಗೆ ಬಂತು, ಮುಂದೆ ಬ್ಯಾಂಡು. ಕೆಂಪು ಕೋಟು, ಚಿನ್ನದ ಬಣ್ಣದ ಕುಚ್ಚು. ಕ್ಲಾರಿನೆಟ್ ಊದುತ್ತಿದ್ದವನು ಯಾರೋ ಬೇರೆ. ಕೊನೆಯ ಸಾಲಿನಲ್ಲಿ ಒಬ್ಬ ತಲೆ ನೆರೆತವನು ಎಡಗೈಯಲ್ಲಿ ಗಿಲಕಿ ಹಿಡಿದು ಅಲ್ಲಾಡಿಸುತ್ತಿದ್ದ. ಬಲಗೈ ಕೋಟಿನ ಜೇಬಿನಲ್ಲಿತ್ತು. ನಾನು ಗುರುತು ಹಿಡಿಯುವ ಮೊದಲೇ ಅವನು ಹಿಡಿದ. ಹಾಡು ನಿಂತ ಕೂಡಲೇ ಬಂದ.

"ಲ್ಯಾಬ್ ಮೇಡಂ! ನಾನು ಮರಿಯದಾಸ್. ಪೂಚಿ."

ಅವನೇ ಮಾತಾಡಿದ. ಸ್ಟೆಲ್ಲಾ ಚೆನ್ನಾಗಿದ್ದಾಳೆ, ಬ್ಯಾಂಡಿನವರು ತನ್ನನ್ನು ಬಿಟ್ಟುಕೊಡಲಿಲ್ಲ, ಇದೊಂದು ಕೈಗೆ ಕೊಟ್ಟರು ಅಂತ ಗಿಲಕಿ ತೋರಿಸಿದ. ಆಮೇಲೆ ಕೇಳಿದ.

"ಆ ಚಿಕ್ ಮೇಡಂ ಹೇಗಿದಾರೆ? ಈಗ ದೊಡ್ಡ ಲ್ಯಾಬ್‌ನಲ್ಲಿ ಇರ್ಬೇಕಲ್ವಾ?"

"ಇಲ್ಲಪ್ಪ. ಅವಳು ಆಗ್ಲೇ ಕೆಲಸ ಬಿಟ್ಟುಬಿಟ್ಟಳು."

"ಬಿಟ್ಬಿಟ್ರಾ?" ಅವನಿಗೆ ನಿಜವಾಗಿಯೂ ನೋವಾಯಿತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಯಾಕಮ್ಮಾ? ನಾನೇ ಬಿಡ್ಲಿಲ್ವಲ್ಲ."

ಬ್ಯಾಂಡ್ ಮಾಸ್ಟರ್ ಕೂಗಿದ, ಅವನು ಓಡಿಹೋದ.

ಶಾಹೀನ್ ಈಗ ಕೆ.ಆರ್. ಪುರದಲ್ಲಿದ್ದಾಳೆ, ಗಂಡನದು ಟೈರ್ ಅಂಗಡಿ. ಪ್ರತಿ ರಂಜಾನಿಗೆ ಹೋಗಿ ನೋಡಿಬರುತ್ತೇನೆ. ಸೊಸೆ ಬಿರಿಯಾನಿಗೆ ಲವಂಗ, ಚಕ್ಕೆ ಹಾಕುವುದಿಲ್ಲ ಅಂತ ಅವಳ ಅತ್ತೆ ಪ್ರತಿ ಸಲ ನನಗೆ ದೂರು ಹೇಳುತ್ತಾರೆ, ಮಸಾಲೆ ಅಂಗಡಿಯವರ ಮಗಳನ್ನು ತಂದೂ ಹೀಗಾಯಿತಲ್ಲ ಅಂತ. ಈ ಸಲ ರಂಜಾನಿನ ತನಕ ಕಾಯಲಾಗಲಿಲ್ಲ. ಮದುವೆಯ ಮರುದಿನವೇ ಹೋದೆ.

ಮರಿಯದಾಸ್ ಸಿಕ್ಕಿದ್ದ ಅಂದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ಕೈ ಹಾಗೇ ನಿಂತಿತು. ಬ್ಯಾಂಡಿನಲ್ಲೇ ಇದ್ದಾನೆ, ನಿನ್ನನ್ನು ಕೇಳಿದ, ನಾನೇ ಬಿಡಲಿಲ್ಲವಲ್ಲ ಅಂದ, ಅಂತ ಎಲ್ಲ ಹೇಳಿದೆ. ಅವಳು ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಬ್ಯಾಂಡಲ್ಲಿ ಏನ್ ನುಡಿಸ್ತಾರೆ ಮೇಡಂ?"

"ಗಿಲಕಿ."

"ಯಾವ್ ಕೈಲಿ?"

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಲ್ಯಾಬಿಗೆ ಸೇರಿದ ಹೊಸದರಲ್ಲಿ ನೋಟೀಸ್ ಬೋರ್ಡಿನ ಮುಂದೆ ನಿಂತು, ಇದರಲ್ಲಿ ಏನು ಬರೆದಿದ್ದಾರೆ ಹೇಳಿ ಅಂತ ನನ್ನ ಸೆರಗು ಎಳೆಯುತ್ತಿದ್ದಾಗ ಇದ್ದ ಕಣ್ಣೇ.

"ಬಲಗೈಲಿ ಕಣೇ," ಅಂದೆ.

ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೂರ್ತಿ ಸರ್ ನನ್ನನ್ನು 'ತಾವು' ಅಂದ ದಿನದಿಂದ ಈಚೆಗೆ, ಕಾಣದ್ದನ್ನು ಕಂಡೆ ಅಂತ ನಾನು ಕೊಟ್ಟ ರಿಪೋರ್ಟು ಅದೊಂದೇ. ಅದನ್ನು ತಿದ್ದುವುದಿಲ್ಲ. ಶಾಹೀನ್‌ಗೆ ಕನ್ನಡ ಓದಲು ಬಾರದು. ಓದಿದವರು ಯಾರೂ ಅವಳಿಗೆ ಹೇಳಬೇಡಿ.